ಪದ ಪರಿಚಯ: ಬೇಲ್, ಜಮಾನತ್, ಜಾಮೀನು

ಇಂಗ್ಲಿಷಿನ 'ಬೇಲ್' ಪದಕ್ಕೆ ಉರ್ದುವಿನಲ್ಲಿ 'ಜಮಾನತ್' ಎನ್ನುತ್ತಾರೆ. ತಪ್ಪೇನಿಲ್ಲ, ಆದರೆ ಎರಡೂ ಪದಗಳ ನೋಟ ಬೇರೆ. ಬೇಲ್ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಅದರ ಮೂಲಾರ್ಥ ಒಪ್ಪಿಸು, ವಶಕ್ಕೆ ಕೊಡು. ಅರಬ್ಬಿ ಮೂಲದ ಜಮಾನತ್ ಎಂದರೆ ಹೊಣೆ, ಖಾತ್ರಿ. ಇಂಗ್ಲಿಷಿನ ಪದ ಬಿಡುಗಡೆಯಾಗುವವನನ್ನು ನೋಡುತ್ತದೆ, ಉರ್ದುವಿನದು ಅವನ ಪರವಾಗಿ ಹೊಣೆ ಹೊತ್ತವನನ್ನು.

ಉರ್ದು ಮಾತಾಡುವವರು ಇಂಗ್ಲಿಷಿನಲ್ಲಿ ಎಡವುವುದು ಇಲ್ಲಿಯೇ. 'ಮೈನೇ ಉಸ್ ಕೀ ಜಮಾನತ್ ದೀ' ಎಂದರೆ ಅವನಿಗೆ ನಾನು ಹೊಣೆ ನಿಂತೆ ಎಂದರ್ಥ. ಅದನ್ನೇ 'ಐ ಗೇವ್ ಹಿಮ್ ಬೇಲ್' ಎಂದರೆ ಹೇಳಿದವರು ನ್ಯಾಯಾಧೀಶರಾಗಿಬಿಡುತ್ತಾರೆ. ಬೇಲ್ 'ಗ್ರಾಂಟ್' ಮಾಡುವುದು ಕೋರ್ಟು, ಉರ್ದುವಿನಲ್ಲಿ 'ಜಮಾನತ್ ಮಂಜೂರ್'. ಹೊಣೆ ನಿಲ್ಲುವ ನೆಂಟನೋ ಗೆಳೆಯನೋ ಮಾಡುವುದು 'ಸ್ಟ್ಯಾಂಡ್ ಶ್ಯೂರಿಟಿ'. ಕನ್ನಡದಲ್ಲೂ ಇದೇ ತೊಡಕು: ಕೋರ್ಟೂ ಜಾಮೀನು ಕೊಡುತ್ತದೆ, ಪಕ್ಕದ ಮನೆಯವರೂ ಜಾಮೀನು ಕೊಡುತ್ತಾರೆ. ಉರ್ದುವಿನಲ್ಲಿ 'ಜಾಮಿನ್' ಎಂದರೆ ಹೊಣೆಗಾರ, ಮನುಷ್ಯ. ನಾವು ಆ ಮನುಷ್ಯನ ಹೆಸರನ್ನೇ ಹೊಣೆಗೆ ಇಟ್ಟುಕೊಂಡೆವು, ಹಾಗಾಗಿ ಮನುಷ್ಯನನ್ನು ಹೇಳಲು 'ಜಾಮೀನುದಾರ' ಎಂದು ಬಾಲ ಸೇರಿಸಬೇಕಾಯಿತು.

ಬೇಲ್ ಪದವನ್ನೇ ಉರ್ದು ಲಿಪಿಯಲ್ಲಿ ಬರೆದರೆ ಇನ್ನೊಂದು ಗೊಂದಲ. ಬೇ, ಯೇ, ಲಾಮ್ ಎಂಬ ಮೂರೇ ಅಕ್ಷರ. ಅವನ್ನೇ ಬಳ್ಳಿ ಎಂಬರ್ಥದ 'ಬೇಲ್' ಎಂದೂ ಎತ್ತು ಎಂಬರ್ಥದ 'ಬೈಲ್' ಎಂದೂ ಓದಬಹುದು. ಇಂಗ್ಲಿಷ್ ಪದದ ಉಚ್ಚಾರಕ್ಕೆ ಹತ್ತಿರದ್ದು ಬಳ್ಳಿ, ಎತ್ತಲ್ಲ.

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು 'ನಾನ್-ಬೇಲಬಲ್' ಬಗ್ಗೆ. ಉರ್ದುವಿನ 'ನಾಕಾಬಿಲೆ ಜಮಾನತ್', ಕನ್ನಡದ 'ಜಾಮೀನುರಹಿತ' ಎರಡೂ ಜಾಮೀನು ಸಿಗುವುದೇ ಇಲ್ಲ ಎಂಬಂತೆ ಕೇಳಿಸುತ್ತವೆ. ನಿಜ ಹಾಗಿಲ್ಲ. ಬೇಲಬಲ್ ಅಪರಾಧದಲ್ಲಿ ಜಾಮೀನು ಆರೋಪಿಯ ಹಕ್ಕು, ಠಾಣೆಯಲ್ಲೇ ಸಿಗಬಹುದು. ನಾನ್-ಬೇಲಬಲ್ ಆದರೆ ಅದು ಕೋರ್ಟಿನ ವಿವೇಚನೆಗೆ ಬಿಟ್ಟದ್ದು: ಆರೋಪ ಎಷ್ಟು ಗಂಭೀರ, ಆರೋಪಿ ಓಡಿಹೋಗುತ್ತಾನೆಯೇ, ಸಾಕ್ಷಿಗಳನ್ನು ಬೆದರಿಸುತ್ತಾನೆಯೇ ಎಂದು ತೂಗಿ ನೋಡುತ್ತಾರೆ. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 478 ಮತ್ತು 480ನೇ ಕಲಮುಗಳು, ಪಾಕಿಸ್ತಾನದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 496 ಮತ್ತು 497ನೇ ಕಲಮುಗಳು ಈ ಭೇದವನ್ನು ಹೇಳುತ್ತವೆ. ಬಂಧನಕ್ಕೆ ಮುನ್ನ ಪಡೆಯುವ ಜಾಮೀನನ್ನು ಅಲ್ಲಿ 'ಜಮಾನತ್ ಕಬ್ಲ್ ಅಜ್ ಗಿರಫ್ತಾರಿ' ಎನ್ನುತ್ತಾರೆ. ನಮ್ಮ ನಿರೀಕ್ಷಣಾ ಜಾಮೀನು ಅದೇ.

'ಬಾಂಡ್'ಗೆ ಉರ್ದು ಪದ 'ಮುಚಲ್ಕಾ', ನಮ್ಮ ಮುಚ್ಚಳಿಕೆಯ ಒಡಹುಟ್ಟು. ಹೊಣೆಗಾರರಿಲ್ಲದೆ ಆರೋಪಿಯೇ ಬರೆದುಕೊಟ್ಟರೆ 'ಜಾತೀ ಮುಚಲ್ಕಾ', ಅಂದರೆ ಸ್ವಂತ ಮುಚ್ಚಳಿಕೆ. ಇಲ್ಲಿ 'ಜಾತೀ'ಗೂ ನಮ್ಮ ಜಾತಿಗೂ ಸಂಬಂಧವಿಲ್ಲ.

ಚುನಾವಣೆಯ ಸುದ್ದಿಯಲ್ಲಿ 'ಜಮಾನತ್ ಜಬ್ತ್' ಎಂದು ಬಂದರೆ ಅದನ್ನು ಬೇಲ್ ಎಂದು ಅನುವಾದಿಸಬಾರದು. ಅದು ಠೇವಣಿ. ಲೋಕಸಭೆಯ ಸಾಮಾನ್ಯ ಅಭ್ಯರ್ಥಿ ಕಟ್ಟುವ 25,000 ರೂಪಾಯಿ, ಸೋತು ಸಿಂಧು ಮತಗಳ ಆರನೇ ಒಂದು ಭಾಗವನ್ನು ದಾಟದಿದ್ದರೆ ಮುಟ್ಟುಗೋಲಾಗುತ್ತದೆ.

ಬೇಲ್ ಮೇಲೆ ಹೊರಬಂದವನು 'ರಿಹಾ', ನಿರ್ದೋಷಿ ಎಂದು ತೀರ್ಪು ಬಂದರೆ 'ಬರೀ'. ಬರೀ ಎಂಬುದಕ್ಕೆ ಕನ್ನಡ ಪತ್ರಿಕೆಗಳು ಬರೆಯುವುದು 'ಖುಲಾಸೆ'. ಅದನ್ನು ಉರ್ದು ಓದುಗರ ಮುಂದೆ ಹಾಗೆಯೇ ಇಟ್ಟರೆ ಅವರಿಗೆ ತೋಚುವ ಅರ್ಥ ಸಾರಾಂಶ.