ವೆಟ್ ಏರಿಯಾ, ಡ್ರೈ ಏರಿಯಾ ಅಂದರೆ ಏನು? ಪುಟ್ಟ ಅಟ್ಯಾಚ್ಡ್ ಬಾತ್‌ರೂಮಿನ ಲೆಕ್ಕ

"ಸಾರ್, ವೆಟ್ ಡ್ರೈ ಬೇರೆ ಮಾಡಿಬಿಡೋಣ್ವಾ?"

ಮನೆ ಕಟ್ಟಿಸುವಾಗ ಕಟ್ಟುವವರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ನಾವು ಹೂಂ ಅಂದುಬಿಡುತ್ತೇವೆ. ಅರ್ಧ ಜನಕ್ಕೆ ಅದರ ಅರ್ಥ ಗಾಜಿನ ಬಾಗಿಲು, ಹೋಟೆಲ್ ರೂಮಿನಲ್ಲಿ ಇರುತ್ತಲ್ಲ, ಅದು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಗಾಜು ಈ ಲೆಕ್ಕದಲ್ಲಿ ಕಟ್ಟಕಡೆಗೆ ಬರುವ ಸಾಮಾನು. ಎಷ್ಟೋ ಮನೆಗಳಲ್ಲಿ ಅದು ಬೇಕಾಗಿಯೇ ಇಲ್ಲ.

ವೆಟ್ ಏರಿಯಾ ಅಂದರೆ ಸ್ನಾನದ ನೀರು ಬೀಳುವ, ಸಿಡಿಯುವ, ಹರಿದು ಹೋಗುವ ಜಾಗ. ಡ್ರೈ ಏರಿಯಾ ಅಂದರೆ, ಈಗ ತಾನೇ ಯಾರೋ ಸ್ನಾನ ಮಾಡಿ ಹೋಗಿದ್ದರೂ ನೀವು ಸಾಕ್ಸ್ ಹಾಕಿಕೊಂಡೇ ಒಳಗೆ ಹೋಗಿ ಕೈ ತೊಳೆದು ಬರಬಹುದಾದ ಜಾಗ. ನನಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಕಂಡಿಲ್ಲ. ಸಾಕ್ಸ್ ಒದ್ದೆಯಾದರೆ ಡ್ರೈ ಏರಿಯಾ ಅನ್ನುವುದು ಬರೀ ನಕ್ಷೆಯಲ್ಲಿದೆ ಅಂತ ಅರ್ಥ.

ಹಳೆ ಮನೆಗಳಲ್ಲಿ ಈ ತಲೆನೋವೇ ಇರಲಿಲ್ಲ. ಬಚ್ಚಲುಮನೆ ಪೂರ್ತಿ ಒದ್ದೆ. ಒಂದು ಕಡೆ ಒಲೆ, ಅದರ ಮೇಲೆ ತಾಮ್ರದ ಹಂಡೆ, ಕೂರಲು ಒಂದು ಕಲ್ಲು, ಗೋಡೆ ಬುಡದಲ್ಲಿ ಒಂದು ತೂತು. ನೀರು ಆ ತೂತಿನಿಂದ ಹಿತ್ತಲಿಗೆ ಹೋಗಿ ಬಾಳೆಗೋ ಕೆಸುವಿನ ಗಿಡಕ್ಕೋ ಸೇರುತ್ತಿತ್ತು. ಪಾಯಖಾನೆ ಮನೆಯಿಂದ ದೂರ, ಬೇರೆಯೇ. ಈಗ ಆ ಎರಡನ್ನೂ ತಂದು, ಜೊತೆಗೆ ಒಂದು ವಾಷ್ ಬೇಸಿನ್ ಸೇರಿಸಿ, ಮಲಗುವ ಕೋಣೆಗೆ ಅಂಟಿಸಿದ್ದೇವೆ. ಅದಕ್ಕೇ ಅಟ್ಯಾಚ್ಡ್ ಅನ್ನುವುದು. ಮೂರು ಕೆಲಸ ಒಂದೇ ಕೋಣೆಗೆ ಬಂದವು ಅಂದಮೇಲೆ ನೀರಿಗೆ ಎಲ್ಲಾದರೂ ಗಡಿ ಹಾಕಲೇಬೇಕು, ಇಲ್ಲದಿದ್ದರೆ ಒದ್ದೆ ಕಾಲಿನ ಗುರುತು ಮಂಚದ ತನಕ ಬರುತ್ತದೆ.

ಹಾಗಾದರೆ ಎಷ್ಟು ಜಾಗ ಬೇಕು? ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಸ್ನಾನ ಮತ್ತು ಕಮೋಡ್ ಎರಡೂ ಒಂದೇ ಕೋಣೆಯಲ್ಲಿದ್ದರೆ ಅದು 2.8 ಚದರ ಮೀಟರಿಗಿಂತ ಚಿಕ್ಕದಿರಬಾರದು, ಅಗಲ 1.2 ಮೀಟರಿಗಿಂತ ಕಡಿಮೆ ಇರಬಾರದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸುಮಾರು 30 ಚದರ ಅಡಿ, ಅಗಲ 4 ಅಡಿ. 30x40 ಸೈಟಿನ ಮನೆಗಳಲ್ಲಿ ಬೆಡ್‌ರೂಮಿಗೆ ಕೊಟ್ಟು ಉಳಿದಿದ್ದೇ ಬಾತ್‌ರೂಮಿಗೆ, ಹಾಗಾಗಿ ಹೆಚ್ಚು ಕಡಿಮೆ ಇದೇ ಅಳತೆಗೆ ಬಂದು ನಿಲ್ಲುತ್ತದೆ. ನಮ್ಮದು ಒಳಗಿನ ಅಳತೆ ನಾಲ್ಕೂವರೆಗೆ ಏಳಡಿ. ಲೆಕ್ಕ ಹಾಕಿದರೆ ಮೂವತ್ತೊಂದೂವರೆ ಚದರ ಅಡಿ.

ಆ ಏಳಡಿಯನ್ನು ಹೀಗೆ ಹಂಚಿಕೊಂಡೆವು. ಬಾಗಿಲು ಚಿಕ್ಕ ಗೋಡೆಯಲ್ಲಿದೆ. ಬಾಗಿಲಿಂದ ಶುರುವಾಗಿ ಎಡಗೋಡೆ ಉದ್ದಕ್ಕೂ ಬೇಸಿನ್ನಿಗೆ ಒಂದೂವರೆ ಅಡಿ, ಕಮೋಡಿಗೆ ಎರಡೂವರೆ ಅಡಿ, ಉಳಿದ ಮೂರಡಿ ಶವರಿಗೆ. ಕಮೋಡಿಗೆ ಎರಡೂವರೆ ಯಾಕೆ ಅಂದರೆ, ಅದರ ನಡುವಿನಿಂದ ಎರಡೂ ಪಕ್ಕಕ್ಕೆ 15 ಇಂಚಾದರೂ ಇರಬೇಕು, ಇಲ್ಲದಿದ್ದರೆ ಕೂತಾಗ ಮೊಣಕೈ ಗೋಡೆಗೆ ತಾಗುತ್ತದೆ. ಶವರಿಗೆ ಮೂರಡಿಗಿಂತ ಕಡಿಮೆ ಆದರೆ ಬಗ್ಗಿ ಕಾಲು ಉಜ್ಜುವುದೇ ಕಷ್ಟ.

ಈ ಸಾಲನ್ನು ಮಾತ್ರ ತಿರುವುಮುರುವು ಮಾಡಬೇಡಿ. ಜಾಸ್ತಿ ಸಲ ಬಳಸುವುದು, ಕಡಿಮೆ ಒದ್ದೆಯಾಗುವುದು ಬಾಗಿಲ ಹತ್ತಿರ ಇರಬೇಕು. ದಿನಕ್ಕೆ ಹತ್ತು ಸಲ ಬೇಸಿನ್ನಿಗೆ ಹೋಗುತ್ತೇವೆ, ಸ್ನಾನ ಒಂದೇ ಸಲ. ಶವರ್ ಬಾಗಿಲ ಪಕ್ಕ ಇದ್ದರೆ ಆ ಹತ್ತು ಸಲವೂ ಒದ್ದೆ ನೆಲ ತುಳಿದುಕೊಂಡೇ ಹೋಗಬೇಕು. ನಾವು ಮೊದಲು ಬಾಡಿಗೆಗಿದ್ದ ಮನೆಯಲ್ಲಿ ಹೀಗೇ ಇತ್ತು. ಬಾಗಿಲು ತೆಗೆದ ಕೂಡಲೇ ತಲೆ ಮೇಲೆ ಶವರ್, ಆಚೆ ಮೂಲೆಯಲ್ಲಿ ಕಮೋಡ್. ಐದು ವರ್ಷದಲ್ಲಿ ಎರಡು ಸಲ ಬಾಗಿಲ ತಳ ಊದಿಕೊಂಡಿತು.

ಬಾಗಿಲು ಉದ್ದದ ಗೋಡೆಯ ನಡುವೆ ಇದ್ದರೆ ಆಟ ಬೇರೆ. ಆಗ ಬೇಸಿನ್ ಬಾಗಿಲ ಎದುರು, ಒಂದು ತುದಿಗೆ ಕಮೋಡ್, ಇನ್ನೊಂದು ತುದಿಗೆ ಶವರ್. ಐದಕ್ಕೆ ಎಂಟಡಿ ಇದ್ದರೆ ಇದು ಚೆನ್ನಾಗಿ ಕೂರುತ್ತದೆ. ಕೋಣೆ ಚೌಕವಾಗಿದ್ದರೆ ಮೂಲೆಯಲ್ಲಿ ಮೂರಕ್ಕೆ ಮೂರಡಿ ಶವರ್ ಮಾಡಿ ಅದರ ಎದುರಿನ ಅಂಚನ್ನು ಕಮಾನಿನ ಹಾಗೆ ಬಾಗಿಸುತ್ತಾರೆ, ಓಡಾಡಲು ಸ್ವಲ್ಪ ಜಾಗ ಸಿಗುತ್ತದೆ. ಅದು ಬಿಟ್ಟರೆ ವೆಟ್ ರೂಮ್ ಅಂತ ಇನ್ನೊಂದು ಮಾತಿದೆ, ಇದನ್ನು ವೆಟ್ ಏರಿಯಾ ಜೊತೆ ಕಲಸಿಕೊಳ್ಳುವವರು ತುಂಬಾ ಜನ. ವೆಟ್ ರೂಮ್ ಅಂದರೆ ಗಡಿಯೇ ಇಲ್ಲದೆ ಇಡೀ ಕೋಣೆಗೆ ವಾಟರ್‌ಪ್ರೂಫಿಂಗ್ ಮಾಡಿ ಎಲ್ಲಾ ಕಡೆ ನೀರು ಬಿದ್ದರೂ ಪರವಾಗಿಲ್ಲ ಅನ್ನುವ ಬಗೆ. ಒಂದು ರೀತಿಯಲ್ಲಿ ನಮ್ಮ ಬಚ್ಚಲೇ, ಟೈಲ್ಸ್ ಹಾಕಿಕೊಂಡು ಇಂಗ್ಲಿಷ್ ಹೆಸರಲ್ಲಿ ವಾಪಸ್ ಬಂದಿದೆ.

ಈಗ ಗಡಿ ವಿಷಯ. ನೀರಿಗೆ ನಿಜವಾದ ಗಡಿ ನೆಲದಲ್ಲಿರುತ್ತದೆ, ಮೇಲೆ ಗಾಜು ಎಷ್ಟು ದುಬಾರಿಯದಾದರೂ ಅಷ್ಟೇ. ಶವರ್ ಕಡೆ ಅಡಿಗೆ ಕಾಲು ಇಂಚು ಇಳಿಜಾರು ಕೊಟ್ಟರೆ ನೀರು ತಾನಾಗಿ ಟ್ರ್ಯಾಪ್ ಕಡೆ, ಅಂದರೆ ನೆಲದ ನೀರು ಪೈಪಿಗೆ ಇಳಿಯುವ ಬಾಯಿಯ ಕಡೆ ಓಡುತ್ತದೆ. ಮೂರಡಿಗೆ ಮುಕ್ಕಾಲು ಇಂಚು, ಅಷ್ಟೇ. ಟ್ರ್ಯಾಪನ್ನು ಶವರಿನ ಒಳಗೆ, ಆದಷ್ಟು ದೂರದ ಗೋಡೆ ಬುಡಕ್ಕೆ ಇಡಿಸಿ. ನಟ್ಟನಡುವೆ ಇಟ್ಟರೆ ನಾಲ್ಕೂ ಕಡೆಯಿಂದ ಇಳಿಜಾರು ಕೊಡಬೇಕು, ದೊಡ್ಡ ಟೈಲ್ಸ್ ಅಡ್ಡಡ್ಡ ಕತ್ತರಿಸಬೇಕು, ನೋಡಲು ಲಕೋಟೆಯ ಹಿಂಬದಿ ಥರ ಕಾಣುತ್ತದೆ. ಗೋಡೆಯುದ್ದಕ್ಕೂ ಪಟ್ಟಿಯಂಥ ಉದ್ದ ಡ್ರೈನ್ ಹಾಕಿದರೆ ಒಂದೇ ಕಡೆಗೆ ಇಳಿಜಾರು ಸಾಕು. ದುಡ್ಡು ಜಾಸ್ತಿ, ಕೂದಲು ತೆಗೆಯುವ ಕೆಲಸವೂ ಜಾಸ್ತಿ.

ಗಡಿಯನ್ನು ಎರಡು ಥರ ಮಾಡುತ್ತಾರೆ. ಎರಡು ಇಂಚಿನ ಗ್ರಾನೈಟ್ ಪಟ್ಟಿ ಎಬ್ಬಿಸುವುದು ಒಂದು. ಶವರಿನ ನೆಲವನ್ನೇ ಅರ್ಧ-ಮುಕ್ಕಾಲು ಇಂಚು ತಗ್ಗಿಸುವುದು ಇನ್ನೊಂದು. ಪಟ್ಟಿ ನೀರನ್ನು ಗಟ್ಟಿಯಾಗಿ ತಡೆಯುತ್ತದೆ, ಆದರೆ ಒಂದು ಮರೆತುಹೋಗುವ ವಿಷಯ ಇದೆ: ಡ್ರೈ ಏರಿಯಾ ಅಂದಮಾತ್ರಕ್ಕೆ ಅಲ್ಲಿ ನೀರೇ ಬೀಳಲ್ಲ ಅಂತೇನಿಲ್ಲ ಅಲ್ವಾ? ಕಮೋಡ್ ಪಕ್ಕ ಹೆಲ್ತ್ ಫಾಸೆಟ್ ಇದೆ, ವಾರಕ್ಕೊಮ್ಮೆ ನೆಲ ತೊಳೆಯುತ್ತೇವೆ. ಪಟ್ಟಿ ಎಬ್ಬಿಸಿದರೆ ಆ ನೀರು ಶವರಿನ ಟ್ರ್ಯಾಪಿಗೆ ಹೋಗಲು ದಾರಿ ಇಲ್ಲ. ಆಗ ಡ್ರೈ ಕಡೆಗೆ ಇನ್ನೊಂದು ಟ್ರ್ಯಾಪ್ ಬೇಕೇ ಬೇಕು. ನೆಲ ತಗ್ಗಿಸಿದರೆ ಒಂದೇ ಟ್ರ್ಯಾಪ್ ಸಾಕು, ವಯಸ್ಸಾದವರು ಎಡವುವುದೂ ಇಲ್ಲ. ನಾವು ತಗ್ಗಿಸಿದೆವು.

ಶವರಿನ ಬಾಯಿ ಯಾವ ಕಡೆ ನೋಡುತ್ತದೆ ಅನ್ನುವುದನ್ನೂ ಗಮನಿಸಿ. ಬಾಗಿಲ ಎದುರು ಗೋಡೆಗೆ ಶವರ್ ಹಾಕಿದರೆ ನೋಡಲು ಚೆಂದ, ಆದರೆ ನೀರು ಕೋಣೆಯ ಉದ್ದಕ್ಕೂ ಬಾಗಿಲ ಕಡೆಗೇ ಚಿಮ್ಮುತ್ತದೆ. ಪಕ್ಕದ ಗೋಡೆಗೆ ಹಾಕಿದರೆ ಅಡ್ಡಕ್ಕೆ ಬೀಳುತ್ತದೆ. ಬೇಸಿನ್, ಕಮೋಡ್, ಶವರ್ ಮೂರೂ ಒಂದೇ ಗೋಡೆಯಲ್ಲಿದ್ದರೆ ಪೈಪೂ ಒಂದೇ ಗೋಡೆಯಲ್ಲಿ ಹೋಗುತ್ತದೆ, ಗೋಡೆ ಒಡೆಯುವ ಕೆಲಸ ಕಡಿಮೆ.

ಬಕೆಟ್ ವಿಷಯವನ್ನು ಯಾಕೋ ಕ್ಯಾಟಲಾಗ್‌ಗಳು ಹೇಳುವುದೇ ಇಲ್ಲ. ನಮ್ಮಲ್ಲಿ ಶವರ್ ಇದ್ದರೂ ಬಕೆಟ್ ಇರುತ್ತದೆ. ನೀರು ಬರದ ದಿನಕ್ಕೆ, ಮಗುವಿಗೆ, ಕೂತೇ ಸ್ನಾನ ಮಾಡುವ ಹಿರಿಯರಿಗೆ, ಎಣ್ಣೆ ಸ್ನಾನಕ್ಕೆ. ಟೈಲ್ಸ್ ಹಾಕುವ ಮೊದಲು ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಮ್ಮನನ್ನು ಕರೆದೆ. ಅವರು ಖಾಲಿ ಬಕೆಟ್ ಇಟ್ಟುಕೊಂಡು, ಸ್ಟೂಲ್ ಎಳೆದುಕೊಂಡು ಕೂತು, ಚೊಂಬನ್ನು ತಲೆ ಮೇಲೆ ಎತ್ತಿ ತೋರಿಸಿದರು. ಮೊಣಕೈ ಗೆರೆಯಾಚೆ ಬಂತು. "ಇಲ್ಲಿ ಗಾಜು ಇದ್ದಿದ್ರೆ ಹೊಡ್ಕೊಂಡಿರ್ತಿದ್ದೆ ನೋಡು" ಅಂದರು. ಗಾರೆಯವರು ನಕ್ಕರು. ಆದರೆ ಅವತ್ತೇ ನಕ್ಷೆ ಬದಲಾಯಿತು. ನಾಲ್ಕು ಕಡೆಯೂ ಮುಚ್ಚಿದ ಗಾಜಿನ ಪೆಟ್ಟಿಗೆ ಬಿಟ್ಟು, ಕಮೋಡ್ ಪಕ್ಕಕ್ಕೆ ಮಾತ್ರ ಎರಡೂಕಾಲು ಅಡಿಯ ಒಂದೇ ಗಾಜು, ಉಳಿದ ಎರಡೂಕಾಲು ಅಡಿ ಬಾಗಿಲೇ ಇಲ್ಲದೆ ತೆರೆದಿರುವ ದಾರಿ. ಬಕೆಟ್ಟಿಗೆ ನೀರು ಹಿಡಿಯುವ ನಲ್ಲಿ, ಗಾಜಿಲ್ಲದ ತೆರೆದ ಕಡೆಗೆ ಬಂತು. ಎಣ್ಣೆ ಸ್ನಾನ ನೆನಪಿದ್ದರೆ ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿಸುವುದಿಲ್ಲ ನೀವು, ಅದನ್ನು ಬೇರೆ ಹೇಳಬೇಕಿಲ್ಲ.

ಗಾಜು ಹಾಕಿಸುವುದಾದರೆ ಟಫನ್ಡ್ ಗಾಜೇ, ಅಂದರೆ ಕಾಯಿಸಿ ಹದ ಮಾಡಿ ಗಟ್ಟಿಗೊಳಿಸಿದ ಗಾಜೇ ಆಗಬೇಕು, 8 ಅಥವಾ 10 ಮಿಲಿಮೀಟರ್. ಒಡೆದರೂ ಅದು ಚೂಪಾದ ಚೂರಾಗದೆ ಕಲ್ಲುಸಕ್ಕರೆ ಥರ ಪುಡಿಯಾಗುತ್ತದೆ. ಒಮ್ಮೆ ಹದ ಮಾಡಿದ ಮೇಲೆ ಅದನ್ನು ಕತ್ತರಿಸಲು, ತೂತು ಕೊರೆಯಲು ಆಗುವುದಿಲ್ಲ. ಹಾಗಾಗಿ ಟೈಲ್ಸ್ ಕೂತ ಮೇಲೆಯೇ ಅಳತೆ ತೆಗೆಸಿ. ಬೋರ್‌ವೆಲ್ ನೀರಿನ ಮನೆಯಾದರೆ ಒಂದೇ ತಿಂಗಳಲ್ಲಿ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಸ್ನಾನ ಆದ ಮೇಲೆ ದಿನಾ ವೈಪರ್ ಎಳೆಯುವ ತಾಳ್ಮೆ ಮನೆಯಲ್ಲಿ ಯಾರಿಗಿದೆ ಅಂತ ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಒಂದು ಸರಳಿಗೆ ಶವರ್ ಪರದೆ ಕಟ್ಟಿ, ಕೆಟ್ಟರೆ ಬಿಚ್ಚಿ ಒಗೆಯಬಹುದು, ಯಾರೂ ಏನೂ ಅನ್ನಲ್ಲ.

ಫ್ಲಾಟಿನಲ್ಲಿರುವವರಿಗೆ ಇಷ್ಟೆಲ್ಲಾ ಸ್ವಾತಂತ್ರ್ಯ ಇರುವುದಿಲ್ಲ. ಕಮೋಡಿನ ನಾಲ್ಕಿಂಚಿನ ಪೈಪು ಡಕ್ಟಿಗೆ (ಎಲ್ಲಾ ಮಹಡಿಗಳ ಪೈಪುಗಳು ಇಳಿಯುವ ಕಿಂಡಿಗೆ) ಎಲ್ಲಿ ಸೇರುತ್ತದೋ ಕಮೋಡ್ ಹೆಚ್ಚು ಕಡಿಮೆ ಅಲ್ಲೇ ಇರಬೇಕು. ಅದನ್ನು ದೂರ ಸರಿಸಿದಷ್ಟೂ ಪೈಪಿಗೆ ಇಳಿಜಾರು ಸಿಗುವುದು ಕಷ್ಟ, ಆಮೇಲೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಕಮೋಡನ್ನು ಇದ್ದಲ್ಲೇ ಬಿಟ್ಟು, ಶವರ್ ಎಲ್ಲಿ ಅನ್ನುವುದನ್ನು ಅದರ ಸುತ್ತ ಯೋಚಿಸಬೇಕು. ವಾಸ್ತು ಕೇಳುವವರಿಗೂ ಈ ಪೈಪನ್ನು ಮೊದಲೇ ತೋರಿಸಿಬಿಡಿ, ಮಾತು ಬೇಗ ಮುಗಿಯುತ್ತದೆ.

ಟೈಲ್ಸ್ ಅಂಟಿಸುವ ಮೊದಲು ಟ್ರ್ಯಾಪಿನ ಬಾಯಿ ಮುಚ್ಚಿ, ನೆಲದಲ್ಲಿ ಎರಡು ಇಂಚು ನೀರು ನಿಲ್ಲಿಸಿ. ಎರಡು ದಿನ ಹಾಗೇ ಬಿಟ್ಟು ಕೆಳಗಿನ ಮನೆಯವರ ಸೀಲಿಂಗ್ ನೋಡಿ ಬನ್ನಿ. ನಮ್ಮ ಕೆಳಗೆ ನಮ್ಮದೇ ಅಡುಗೆಮನೆ. ಎರಡನೇ ದಿನ ಒಂದು ಮೂಲೆಯಲ್ಲಿ ಅಂಗೈಯಗಲ ಒದ್ದೆ ಕಾಣಿಸಿತು, ಪೈಪು ನೆಲಕ್ಕೆ ಇಳಿಯುವ ಜಾಗದಲ್ಲಿ. ಅಲ್ಲಿ ಮಾತ್ರ ಕೆದಕಿ, ಮತ್ತೆ ವಾಟರ್‌ಪ್ರೂಫಿಂಗ್ ಕೋಟಿಂಗ್ ಮಾಡಿಸಿ, ಇನ್ನೆರಡು ದಿನ ನೀರು ನಿಲ್ಲಿಸಿದೆವು. ಆಮೇಲೇ ಟೈಲ್ಸಿನವರಿಗೆ ಬನ್ನಿ ಅಂದಿದ್ದು.