ಅರ್ಥಶಾಸ್ತ್ರದ ನೊಬೆಲ್: ಉಯಿಲಿನಲ್ಲಿ ಇಲ್ಲದ ಪ್ರಶಸ್ತಿ ಬಂದದ್ದು ಎಲ್ಲಿಂದ?

ಅಕ್ಟೋಬರ್ ಬಂತೆಂದರೆ ನೊಬೆಲ್ ಘೋಷಣೆಗಳು ಶುರು. ಐದು ಪ್ರಶಸ್ತಿಗಳು ಒಂದೇ ವಾರದಲ್ಲಿ ಮುಗಿಯುತ್ತವೆ. ಅದರ ಮುಂದಿನ ಸೋಮವಾರ ಅರ್ಥಶಾಸ್ತ್ರದ ಸರದಿ. ಜಗಳವೂ ಅವತ್ತೇ ಶುರುವಾಗುತ್ತದೆ. ‘ಇದು ನೊಬೆಲ್ಲೇ ಅಲ್ಲ’ ಎಂದು ಒಬ್ಬರು. ‘ಅದೇ ವೇದಿಕೆ, ಅದೇ ರಾಜ, ಅಷ್ಟೇ ದುಡ್ಡು, ಇನ್ನೇನು ಬೇಕು?’ ಎಂದು ಇನ್ನೊಬ್ಬರು. ಇಬ್ಬರ ಮಾತೂ ನಿಜವೇ. ಅದಕ್ಕೇ ಈ ಜಗಳ ಮುಗಿಯುವುದಿಲ್ಲ.

ಆಲ್‌ಫ್ರೆಡ್ ನೊಬೆಲ್ ತನ್ನ ಕೊನೆಯ ಉಯಿಲಿಗೆ ಸಹಿ ಹಾಕಿದ್ದು 1895ರ ನವೆಂಬರ್ 27ರಂದು, ಪ್ಯಾರಿಸ್‌ನಲ್ಲಿ. ಅದರಲ್ಲಿರುವುದು ಐದೇ: ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯಶಾಸ್ತ್ರ, ಸಾಹಿತ್ಯ, ಶಾಂತಿ. ಅರ್ಥಶಾಸ್ತ್ರದ ಸುದ್ದಿಯೇ ಇಲ್ಲ. ಗಣಿತವೂ ಇಲ್ಲ. (ನೊಬೆಲ್‌ನ ಹೆಂಡತಿಯ ಜೊತೆ ಒಬ್ಬ ಗಣಿತಜ್ಞನಿಗೆ ಸಂಬಂಧವಿತ್ತು, ಅದಕ್ಕೇ ಗಣಿತವನ್ನು ಬಿಟ್ಟ ಎಂಬ ಕಥೆ ಕೇಳಿರುತ್ತೀರಿ. ಆ ಮನುಷ್ಯ ಮದುವೆಯೇ ಆಗಿರಲಿಲ್ಲ!) 1901ರಲ್ಲಿ ಮೊದಲ ಪ್ರಶಸ್ತಿಗಳು ಬಂದವು. ಆಮೇಲೆ ಎರಡು ಮಹಾಯುದ್ಧಗಳು ಕಳೆದರೂ ಐದು ಐದಾಗಿಯೇ ಉಳಿಯಿತು.

ಆರನೆಯದು ಹುಟ್ಟಿದ್ದು 1968ರಲ್ಲಿ, ಒಂದು ಬ್ಯಾಂಕಿನ ಹುಟ್ಟುಹಬ್ಬಕ್ಕೆ. ಸ್ವೀಡನ್ನಿನ ಕೇಂದ್ರ ಬ್ಯಾಂಕ್ ರಿಕ್ಸ್‌ಬ್ಯಾಂಕ್ ಶುರುವಾಗಿದ್ದು 1668ರಲ್ಲಿ. ಮುನ್ನೂರು ವರ್ಷ ತುಂಬಿದ ನೆನಪಿಗೆ ಅದು ನೊಬೆಲ್ ಪ್ರತಿಷ್ಠಾನಕ್ಕೆ ಒಂದು ದತ್ತಿ ಕೊಟ್ಟಿತು. ಆ ಪ್ರಶಸ್ತಿಯ ಇಂದಿನ ಪೂರ್ತಿ ಹೆಸರನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ಆಲ್‌ಫ್ರೆಡ್ ನೊಬೆಲ್ ಸ್ಮರಣಾರ್ಥ ಅರ್ಥವಿಜ್ಞಾನಗಳಿಗೆ ರಿಕ್ಸ್‌ಬ್ಯಾಂಕ್ ಪ್ರಶಸ್ತಿ. ಇಷ್ಟುದ್ದದ ಹೆಸರು ಯಾವ ಪತ್ರಿಕೆಯ ತಲೆಬರಹದಲ್ಲಿ ಹಿಡಿಸೀತು? ಬ್ಯಾಂಕಿನ ಹೆಸರು ಉದುರಿತು, ‘ಸ್ಮರಣಾರ್ಥ’ ಉದುರಿತು. ಉಳಿದದ್ದು ‘ಅರ್ಥಶಾಸ್ತ್ರದ ನೊಬೆಲ್’.

ಬ್ಯಾಂಕಿಗೆ ಈ ಆಸೆ ಯಾಕೆ ಬಂತು ಎಂಬುದಕ್ಕೆ ಆ ಕಾಲದ ಸ್ವೀಡನ್ನನ್ನು ನೋಡಬೇಕು. ಅಧಿಕಾರದಲ್ಲಿದ್ದದ್ದು ಸೋಷಿಯಲ್ ಡೆಮಾಕ್ರಟರು. ಮನೆ ಕಟ್ಟಿಸಲು, ಜನಕಲ್ಯಾಣಕ್ಕೆ ಸಾಲ ಅಗ್ಗವಾಗಿ ಸಿಗಬೇಕು ಅನ್ನುವುದು ಅವರ ನೀತಿ. ಬೆಲೆ ಏರದಂತೆ ಹಿಡಿಯಬೇಕು ಅನ್ನುವುದು ಬ್ಯಾಂಕಿನ ಚಿಂತೆ. 1957ರಲ್ಲಿ ಗವರ್ನರ್ ಪೇರ್ ಆಸ್‌ಬ್ರಿಂಕ್ ಕಾಲದಲ್ಲಿ ಬ್ಯಾಂಕು ಸರ್ಕಾರವನ್ನು ಕೇಳದೆಯೇ ಬಡ್ಡಿ ದರ ಏರಿಸಿದಾಗ ದೊಡ್ಡ ರಾದ್ಧಾಂತವಾಯಿತು. ಆ ಘಟನೆಗೆ ಸ್ವೀಡನ್ನಿನಲ್ಲಿ ‘ಬಡ್ಡಿ ಕ್ಷಿಪ್ರಕ್ರಾಂತಿ’ ಎಂದೇ ಹೆಸರು. ದತ್ತಿ ಕೊಟ್ಟಾಗಲೂ ಗವರ್ನರ್ ಅವರೇ. ಹಣಕಾಸಿನ ವಿಷಯವನ್ನು ರಾಜಕಾರಣಿಗಳಿಗಿಂತ ತಜ್ಞರಿಗೆ ಬಿಡುವುದು ವಾಸಿ ಎಂದು ನಂಬುವ ಸಂಸ್ಥೆಗೆ, ಅರ್ಥಶಾಸ್ತ್ರವೂ ಭೌತಶಾಸ್ತ್ರದ ಪಕ್ಕದಲ್ಲೇ ಕೂರುವುದು ಅನುಕೂಲವೇ, ಅಲ್ವಾ? ಇದನ್ನು ಸಂಚು ಎನ್ನಬೇಕಿಲ್ಲ. ದತ್ತಿ ಕೊಡುವವರಿಗೆ ತಮ್ಮದೇ ಆಸೆಗಳು ಇದ್ದೇ ಇರುತ್ತವೆ.

ಆಯ್ಕೆಯ ಕೆಲಸ ಹೋದದ್ದು ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿಗೆ. ಭೌತ, ರಸಾಯನ ಪ್ರಶಸ್ತಿಗಳನ್ನು ಕೊಡುವುದೂ ಅದೇ. 1969ರಲ್ಲಿ ನಾರ್ವೆಯ ರಾಗ್ನರ್ ಫ್ರಿಶ್ ಮತ್ತು ನೆದರ್ಲೆಂಡ್ಸ್‌ನ ಯಾನ್ ಟಿನ್‌ಬರ್ಗನ್ ಮೊದಲ ಪ್ರಶಸ್ತಿ ಹಂಚಿಕೊಂಡರು. ಇಬ್ಬರದೂ ಲೆಕ್ಕಾಚಾರದ ಅರ್ಥಶಾಸ್ತ್ರ. ನೋಡುವವರಿಗೆ ಅಪ್ಪಟ ವಿಜ್ಞಾನದಂತೆಯೇ ಕಾಣುತ್ತಿತ್ತು.

ಬಿರುಕು ಕಾಣಿಸಿದ್ದು 1974ರಲ್ಲಿ. ಆ ವರ್ಷದ ಪ್ರಶಸ್ತಿಯನ್ನು ಗುನ್ನಾರ್ ಮಿರ್ದಾಲ್ ಮತ್ತು ಫ್ರೀಡ್ರಿಕ್ ಹಯೆಕ್‌ಗೆ ಒಟ್ಟಿಗೆ ಕೊಟ್ಟರು. ಮಿರ್ದಾಲ್ ಜನಕಲ್ಯಾಣ ರಾಜ್ಯದ ಪರ, ಹಯೆಕ್ ಮುಕ್ತ ಮಾರುಕಟ್ಟೆಯ ಪರ. ಎಣ್ಣೆ ಸೀಗೇಕಾಯಿ ಜೋಡಿ. ಹಯೆಕ್ ಔತಣಕೂಟದಲ್ಲೇ ಎದ್ದು ನಿಂತು, ಈ ಪ್ರಶಸ್ತಿ ಶುರುಮಾಡುವ ಮೊದಲು ತನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ ಎಂದರು. ಅರ್ಥಶಾಸ್ತ್ರದಲ್ಲಿ ಯಾರಿಗೂ ಇರಬಾರದಂಥ ಅಧಿಕಾರವನ್ನು ಇದು ಒಬ್ಬ ಮನುಷ್ಯನಿಗೆ ಕೊಡುತ್ತದೆ ಎಂಬುದು ಅವರ ಆಕ್ಷೇಪ. ಭೌತಶಾಸ್ತ್ರಿಯ ತಪ್ಪನ್ನು ಪ್ರಯೋಗಾಲಯ ಹಿಡಿಯುತ್ತದೆ. ಅರ್ಥಶಾಸ್ತ್ರಿಯ ಮಾತನ್ನು ಮಂತ್ರಿಗಳೂ ಪತ್ರಕರ್ತರೂ ಸುಮ್ನೆ ನಂಬಿಬಿಡಬಹುದು. ಮಿರ್ದಾಲ್ ಕೂಡ ಮುಂದೆ ಈ ಪ್ರಶಸ್ತಿಯನ್ನೇ ರದ್ದು ಮಾಡಬೇಕು ಎಂದರು. ಬೇರೆಲ್ಲೂ ಒಪ್ಪದ ಇಬ್ಬರು ಈ ಒಂದು ವಿಷಯದಲ್ಲಿ ಹತ್ತಿರ ಬಂದರು. 1976ರಲ್ಲಿ ಮಿಲ್ಟನ್ ಫ್ರೀಡ್‌ಮನ್‌ಗೆ ಬಂದಾಗ, ಚಿಲಿಯ ಸೇನಾ ಸರ್ಕಾರದ ಜೊತೆ ಅವರ ಹೆಸರು ತಳುಕು ಹಾಕಿಕೊಂಡಿದ್ದರಿಂದ ಸ್ಟಾಕ್‌ಹೋಮ್‌ನಲ್ಲಿ ಪ್ರತಿಭಟನೆಗಳೇ ನಡೆದವು.

ಈ ಪ್ರಶಸ್ತಿ ಬೇರೆ ಎಂಬುದಕ್ಕೆ ಗುರುತು ಪದಕದಲ್ಲೇ ಇದೆ. ಭೌತ, ರಸಾಯನದ ಪದಕಗಳ ಹಿಂಬದಿಯಲ್ಲಿ ವಿಜೇತರ ಹೆಸರು ಎದ್ದು ಕಾಣುತ್ತದೆ. ಅರ್ಥಶಾಸ್ತ್ರದ್ದರಲ್ಲಿ ಹೆಸರನ್ನು ಅಂಚಿನಲ್ಲಿ ಕೊರೆಯುತ್ತಾರೆ, ಬೇಗ ಕಣ್ಣಿಗೆ ಬೀಳುವುದಿಲ್ಲ. 1975ರಲ್ಲಿ ಸೋವಿಯತ್ತಿನ ಕಾಂಟೊರೊವಿಚ್ ಮತ್ತು ಅಮೆರಿಕದ ಕೂಪ್‌ಮನ್ಸ್ ಅದಲುಬದಲಾದ ಪದಕಗಳನ್ನೇ ಊರಿಗೆ ಒಯ್ದರು. ಶೀತಲ ಸಮರದ ಕಾಲ ಬೇರೆ. ಸರಿಯಾದ ಪದಕ ಸರಿಯಾದವರ ಕೈಸೇರಲು ರಾಜತಾಂತ್ರಿಕರು ನಾಲ್ಕು ವರ್ಷ ಓಡಾಡಬೇಕಾಯಿತು.

ಆಮೇಲಿನದು ಗೊತ್ತಿರುವ ಕಥೆಯೇ. 1998ರಲ್ಲಿ ಅಮರ್ತ್ಯ ಸೇನ್, 2002ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್, 2009ರಲ್ಲಿ ರಾಜ್ಯಶಾಸ್ತ್ರದ ಎಲಿನೋರ್ ಆಸ್ಟ್ರಮ್. ಅವರವರ ಕೆಲಸದ ತೂಕ ಹೆಸರಿನಿಂದ ಜಾಸ್ತಿಯೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. 2001ರಲ್ಲಿ ನೊಬೆಲ್ ವಂಶದ ಕೆಲವರು ಸ್ವೀಡನ್ನಿನ ಪತ್ರಿಕೆಯೊಂದರಲ್ಲಿ ಬಹಿರಂಗವಾಗಿಯೇ ಆಕ್ಷೇಪಿಸಿದರು. ಪ್ರತಿಷ್ಠಾನದ ಜಾಲತಾಣವೂ ಇದು ನೊಬೆಲ್ ಪ್ರಶಸ್ತಿ ಅಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಹಾಗೆ ಹೇಳಿ, ವಿಜೇತರ ಪಟ್ಟಿಯನ್ನು ಮಾತ್ರ ಉಳಿದ ಐದರ ಜೊತೆಗೇ ಇಡುತ್ತದೆ. ಬಹುಮಾನದ ಹಣ ಈಗಲೂ ರಿಕ್ಸ್‌ಬ್ಯಾಂಕಿನದು.

1968ರ ನಂತರ ಪ್ರತಿಷ್ಠಾನ ಇನ್ನು ಹೊಸ ಪ್ರಶಸ್ತಿ ಬೇಡ ಎಂದು ಬಾಗಿಲು ಹಾಕಿತು. ಪರಿಸರಕ್ಕೆ ಮತ್ತು ಬಡವರ ಪರ ಕೆಲಸಕ್ಕೆ ನೊಬೆಲ್ ಕೊಡಿ, ದುಡ್ಡಿಗೆ ನಾನು ನೆರವಾಗುತ್ತೇನೆ ಎಂದು ಯಾಕೊಬ್ ಫಾನ್ ಉಕ್ಸ್‌ಕುಲ್ ಎಂಬ ಅಂಚೆಚೀಟಿ ವ್ಯಾಪಾರಿ ಮುಂದೆ ಬಂದಾಗ ಇಲ್ಲ ಎಂದಿತು. ಅವರು ತಮ್ಮ ಅಂಚೆಚೀಟಿಗಳನ್ನು ಮಾರಿ 1980ರಲ್ಲಿ ‘ರೈಟ್ ಲೈವ್ಲಿಹುಡ್’ ಎಂಬ ತಮ್ಮದೇ ಪ್ರಶಸ್ತಿ ಶುರುಮಾಡಿದರು. ಪತ್ರಿಕೆಗಳು ಅದನ್ನು ‘ಪರ್ಯಾಯ ನೊಬೆಲ್’ ಎಂದು ಬರೆಯುತ್ತವೆ.