ಕಂಪ್ಯೂಟರ್ ಇಸ್ಪೀಟ್ ಎಲೆ ಕಲಸುವುದು ಹೇಗೆ?

ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರ ಇಲ್ಲ, ಸದ್ದಿಲ್ಲ, ಮೌಸ್ ಕೂಡ ಬೇಡ. ಮಂಗಳೂರಿನ ಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನ ತಂಗಿಯ ಮಗ ತೋರಿಸಿದ ಇಸ್ಪೀಟ್ ಆಟ ಇಷ್ಟೇ: ಕೈಯಲ್ಲಿರುವ ಎಲೆಗಳ ಹೆಸರು ಒಂದರ ಕೆಳಗೊಂದು ಬರುತ್ತದೆ, ಯಾವುದನ್ನು ಇಳಿಸಬೇಕೋ ಅದರ ನಂಬರ್ ಒತ್ತಿ ಎಂಟರ್ ಹೊಡೆದರೆ ಆಯಿತು. ಎದುರಾಳಿ ಕಂಪ್ಯೂಟರ್. ‘ಕಳಾವರ್ ರಾಜ’ ಅಂತ ಒಂದು ಸಾಲು ಮೂಡುತ್ತದೆ, ನಾವು ತಲೆ ಕೆರೆದುಕೊಳ್ಳುತ್ತೇವೆ.

ಆಟಿ ತಿಂಗಳಲ್ಲಿ ಆಡುವ ನಮ್ಮ ಚೆನ್ನೆಮಣೆಯಲ್ಲಿ 14 ಗುಳಿ, ಒಂದೊಂದರಲ್ಲಿ 4 ಕಾಯಿ, ಎಲ್ಲವೂ ಇಬ್ಬರ ಕಣ್ಣೆದುರೇ ಇರುತ್ತದೆ. ಇಸ್ಪೀಟಿನಲ್ಲಿ ಅರ್ಧ ಆಟ ಮಗುಚಿಟ್ಟ ಎಲೆಗಳಲ್ಲಿರುತ್ತದೆ. ಪರದೆಯ ಮೇಲೆ ನೋಡಲು ಬೇರೇನೂ ಇಲ್ಲದಾಗ ಮನಸ್ಸು ಆ ಕಾಣದ ಎಲೆಗಳ ಹಿಂದೆಯೇ ಹೋಗುತ್ತದೆ. ಯಾವುದು ಬಿದ್ದಾಯಿತು, ಯಾವುದು ಉಳಿದಿದೆ?

ಮೇಲೆ ಮೂಲೆಯಲ್ಲಿ ಒಂದು ಸಂಖ್ಯೆ ಇತ್ತು. ‘ಅದು ಸೀಡ್, ಮಾವ. ಅದನ್ನೇ ಮತ್ತೆ ಕೊಟ್ಟರೆ ಇದೇ ಎಲೆಗಳು ಇದೇ ಕ್ರಮದಲ್ಲಿ ಬರ್ತವೆ’ ಎಂದ. ಹಾಗಾದರೆ ಕಲಸಿದ್ದೆಲ್ಲಿ ಮಾರಾಯ?

ವಿಷಯ ಏನೆಂದರೆ, ಪ್ರೋಗ್ರಾಮ್ ತಾನಾಗಿ ಅದೃಷ್ಟವನ್ನು ಹುಟ್ಟಿಸಲಾರದು. ಮೊದಲಿಗೆ ಸೀಡ್ ಎಂಬ ಆ ಸಂಖ್ಯೆ ತೆಗೆದುಕೊಂಡು, ಗುಣಿಸಿ, ಕೂಡಿಸಿ, ಒಂದಿಷ್ಟು ಕತ್ತರಿಸಿ ಮುಂದಿನದನ್ನು ಮಾಡುತ್ತದೆ. ನೋಡಲು ಅಡ್ಡಾದಿಡ್ಡಿ, ಒಳಗೆ ಕಟ್ಟಾ ಲೆಕ್ಕ. ಆ ಸಂಖ್ಯೆಗಳನ್ನು ಹಿಡಿದು ಎಲೆ ಕಲಸಬೇಕು. ಅದರ ಕ್ರಮವನ್ನು 1938ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ರೊನಾಲ್ಡ್ ಫಿಶರ್ ಮತ್ತು ಫ್ರಾಂಕ್ ಯೇಟ್ಸ್ ಕೊಟ್ಟರು, ಆಗ ಅದು ಪೆನ್ಸಿಲ್ ಕಾಗದದ ಕೆಲಸ. 1964ರಲ್ಲಿ ರಿಚರ್ಡ್ ಡರ್‌ಸ್ಟೆನ್‌ಫೆಲ್ಡ್ ಕಂಪ್ಯೂಟರಿಗೆ ಹೊಂದಿಸಿದರು. 52ರಲ್ಲಿ ಯಾವುದಾದರೊಂದನ್ನು ಆರಿಸಿ ಕೊನೆಯ ಎಲೆಯೊಂದಿಗೆ ಅದಲುಬದಲು ಮಾಡಿ, ಕೊನೆಗೆ ಬಂದದ್ದನ್ನು ಇನ್ನು ಮುಟ್ಟಬೇಡಿ. ಉಳಿದ 51ರಲ್ಲಿ ಮತ್ತೆ ಒಂದು. ಹೀಗೇ ಕೆಳಗಿಳಿಯುವುದು.

ಇಲ್ಲಿ ಜಾರುವುದು ಸುಲಭ. ‘ಪ್ರತಿ ಸಲವೂ ಎಲ್ಲ ಎಲೆಗಳಿಂದ ಆರಿಸಿದರೆ ಇನ್ನೂ ಚೆನ್ನಾಗಿ ಕಲಸುತ್ತದೆ ಅಲ್ವಾ?’ ಅನಿಸುತ್ತದೆ. ಇಲ್ಲ. ಬರೀ 3 ಎಲೆ ಇಟ್ಟುಕೊಂಡು ನೋಡಿ. ಸಾಧ್ಯವಿರುವ ಕ್ರಮ 6. ಮೂರು ಸಲವೂ ಮೂರರಿಂದ ಆರಿಸಿದರೆ ದಾರಿಗಳು 27. 27 ದಾರಿಗಳನ್ನು 6 ಕ್ರಮಕ್ಕೆ ಸಮನಾಗಿ ಹಂಚಲಾಗುವುದಿಲ್ಲ, ಆದ್ದರಿಂದ ಮೂರು ಕ್ರಮಗಳಿಗೆ 5 ದಾರಿ, ಉಳಿದ ಮೂರಕ್ಕೆ 4. ಸುಮ್ನೆ ಜಾಸ್ತಿ ಕಲಸಲು ಹೋಗಿ ಪಕ್ಷಪಾತ ಮಾಡಿದ ಹಾಗಾಯಿತು.

ಕ್ರಮ ಸರಿಯಿದ್ದರೂ ಸೀಡ್ ಚಿಕ್ಕದಿದ್ದರೆ ಕಷ್ಟ. ಅದರ ಉದ್ದವನ್ನು ಬಿಟ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಬಿಟ್ ಅಂದರೆ 0 ಅಥವಾ 1 ಕೂರುವ ಒಂದು ಜಾಗ. 52 ಎಲೆಗಳನ್ನು ಜೋಡಿಸುವ ರೀತಿಗಳನ್ನು ಬರೆಯಲು 68 ಅಂಕಿ ಬೇಕು. 32 ಬಿಟ್‌ನ ಸೀಡ್‌ನಿಂದ ಶುರುವಾಗುವ ಆಟ ಅದರಲ್ಲಿ ಹೆಚ್ಚೆಂದರೆ ಸುಮಾರು 429 ಕೋಟಿ ಜೋಡಣೆಗಳನ್ನು ಮಾತ್ರ ತೋರಿಸಬಲ್ಲದು, ಉಳಿದವು ಎಷ್ಟು ಆಡಿದರೂ ಬರುವುದೇ ಇಲ್ಲ. ಎಲ್ಲವೂ ಬರಬೇಕಾದರೆ ಕನಿಷ್ಠ 226 ಬಿಟ್ ಬೇಕು.

1999ರಲ್ಲಿ ಇದರಿಂದಲೇ ಒಂದು ಅವಾಂತರ ಹೊರಬಿತ್ತು. ಹಣ ಕಟ್ಟಿ ಪೋಕರ್ ಆಡುವ ಒಂದು ಜಾಲತಾಣ, ನಮ್ಮದು ಎಷ್ಟು ನ್ಯಾಯದ ಆಟ ನೋಡಿ ಎಂದು ತಾನು ಎಲೆ ಕಲಸುವ ವಿಧಾನವನ್ನು ತಾನೇ ಪ್ರಕಟಿಸಿತ್ತು. ಅಮೆರಿಕದ ಭದ್ರತಾ ತಜ್ಞರು ಓದಿ ನೋಡಿದರೆ ಸೀಡ್ ಬರುತ್ತಿದ್ದದ್ದು ಗಡಿಯಾರದಿಂದ: ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಅನ್ನುವುದು! ದಿನಕ್ಕೆ ಅಂಥವು ಬರೀ 8.64 ಕೋಟಿ. ಸರ್ವರಿನ ಗಡಿಯಾರಕ್ಕೆ ತಮ್ಮದನ್ನು ಹೊಂದಿಸಿಕೊಂಡರೆ ಹುಡುಕಬೇಕಾದದ್ದು ಸುಮಾರು 2 ಲಕ್ಷಕ್ಕೆ ಇಳಿಯುತ್ತಿತ್ತು. ತಮ್ಮ ಕೈಯ 2 ಎಲೆ, ಮೇಜಿನ ಮೇಲೆ ತೆರೆದ 3 ಎಲೆ ಗೊತ್ತಾದರೆ ಸಾಕು, ಎಲ್ಲರ ಕೈಯಲ್ಲಿ ಏನಿದೆ, ಮುಂದೆ ಏನು ಬೀಳುತ್ತದೆ ಎಂದು ಅವರ ಪ್ರೋಗ್ರಾಮ್ ಹೇಳಿಬಿಡುತ್ತಿತ್ತು. ಪಕ್ಷಪಾತದ ಕಲಸಾಟವೂ ಅಲ್ಲೇ ಇತ್ತು. ಈಗ ಇಂಥ ಕೆಲಸಕ್ಕೆ ಕೀಲಿಗಳನ್ನು ಒತ್ತುವ ನಡುವಿನ ಸಮಯ, ಚಿಪ್ ಒಳಗಿನ ವಿದ್ಯುತ್ತಿನ ಗದ್ದಲ, ಇಂಥ ಊಹಿಸಲಾಗದ ಸಂಗತಿಗಳಿಂದ ಸೀಡ್ ಮಾಡುತ್ತಾರೆ.

ಹಣ ಇಲ್ಲದ ಆಟದಲ್ಲಿ ಮಾತ್ರ ಕಾಣುವ ಸೀಡ್ ನನಗೆ ಇಷ್ಟ. ಡೂಪ್ಲಿಕೇಟ್ ಬ್ರಿಜ್‌ನಲ್ಲಿ ಒಂದೇ ಹಂಚಿಕೆಯನ್ನು ಬೇರೆ ಬೇರೆ ಮೇಜಿನವರು ಆಡಿ ಅಂಕ ಹೋಲಿಸುತ್ತಾರಲ್ಲ, ನಾವೂ ಹಾಗೇ ಒಂದೇ ನಂಬರ್ ಹಾಕಿ ಸರದಿಯಲ್ಲಿ ಆಡಿದೆವು. ಅದೇ ಎಲೆಗಳಲ್ಲಿ ಅವನು ಗೆದ್ದ, ನಾನು ಸೋತೆ. ‘ಎಲೆ ಸರಿ ಬೀಳಲಿಲ್ಲ’ ಎನ್ನಲೂ ಬಾಯಿಲ್ಲ.